ಶಾಲಾ ಮೇಷ್ಟ್ರು, ಫುಟ್‌ಬಾಲ್ ಗುರು: ಮರ್ಹೂಂ ಸೈಯದ್ ಅಬ್ದುಲ್ ರಹೀಂ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಶಾಲೆ ಬಿಟ್ಟೊಡನೆ ಚೆಂಡು ಹಿಡಿದು ಬಯಲಿಗೆ ಓಡುವ ಹುಡುಗರನ್ನು ಕಂಡು, ಓದು ಕೆಟ್ಟಿತೆಂದು ಹಿರಿಯರು ಗದರುವುದುಂಟು. ಆಟವೂ ಓದೂ ಪರಸ್ಪರ ಶತ್ರುಗಳಲ್ಲ ಎಂಬುದಕ್ಕೆ ಸೈಯದ್ ಅಬ್ದುಲ್ ರಹೀಂ ಅವರ ಬದುಕೇ ಸಾಕ್ಷಿ. ಭಾರತದ ಫುಟ್‌ಬಾಲಿಗೆ ಚಿನ್ನದ ಕಾಲ ತಂದುಕೊಟ್ಟ ಇವರು ಮೂಲತಃ ಒಬ್ಬ ಶಾಲಾ ಉಪಾಧ್ಯಾಯರು.

ರಹೀಂ ಅವರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಬೀದರ್, ಗುಲ್ಬರ್ಗಾ, ರಾಯಚೂರುಗಳೂ ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಅಲ್ಲಿನ ತಂಡದಲ್ಲಿ ಆಡಿದರು. ಬಳಿಕ ಕಾಚಿಗುಡ, ಚಾದರ್‌ಘಾಟ್ ಮುಂತಾದ ಶಾಲೆಗಳಲ್ಲಿ ಪಾಠ ಹೇಳಿದರು. ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದ ಮೇಲೆ ಮೈದಾನವೂ ಅವರ ತರಗತಿಯಾಯಿತು.

1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ತರಬೇತಿ ಕೊಡತೊಡಗಿದರು. ಮುಂಬಯಿಯ ರೋವರ್ಸ್ ಕಪ್ಪನ್ನು ಆ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಗೆದ್ದಿತು. ಅದೇ ಕಪ್ಪನ್ನು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಗೆದ್ದಿತ್ತೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ರಹೀಂ ಸಾಹೇಬರ ಪದ್ಧತಿ ಮೇಷ್ಟ್ರ ಪದ್ಧತಿಯೇ. ಒಬ್ಬನೇ ಚೆಂಡನ್ನು ಹೊತ್ತೊಯ್ಯುವುದನ್ನು ಬಿಡಿಸಲು ಡ್ರಿಬ್ಲಿಂಗ್ ಇಲ್ಲದ ಪಂದ್ಯಗಳನ್ನು ಆಡಿಸಿದರು. ಆಟಗಾರನು ಚೆಂಡು ಬಂದೊಡನೆ ಜೊತೆಗಾರನಿಗೆ ಕೊಡಲೇಬೇಕು. ಬಲಗಾಲನ್ನೇ ನಂಬಿದವನಿಗೆ ಎಡಗಾಲಿನಿಂದ ಒದೆಯುವ ಅಭ್ಯಾಸ ಮಾಡಿಸಿದರು. ಇದಕ್ಕೆ ಹಣ ಬೇಕಿಲ್ಲ. ಒಂದು ಚೆಂಡು, ಒಂದು ಬಯಲು, ಶಿಸ್ತು ಇದ್ದರೆ ಸಾಕು.

1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ತಂಡ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಆದರೆ ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ 10-1ರಿಂದ ಸೋಲಿಸಿತು. ಆ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಹೊಡೆದದ್ದು. ನಮ್ಮವರಲ್ಲಿ ಅನೇಕರು ಅಂದು ಬರಿಗಾಲಿನಲ್ಲಿ ಆಡಿದ್ದರು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಸೋಲಿನಿಂದ ಪಾಠ ಕಲಿತ ಗುರುಗಳು 1956ರಲ್ಲಿ ಮೆಲ್ಬರ್ನ್‌ಗೆ ಹೊಸ ತಂಡ ಕಟ್ಟಿದರು. ಬೆಂಗಳೂರಿನ ಕೆಂಪಯ್ಯ ಅದರಲ್ಲಿದ್ದರು. ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿದ ತಂಡ ನಾಲ್ಕನೆಯ ಸ್ಥಾನ ಪಡೆಯಿತು.

ಕೊನೆಯ ಪರೀಕ್ಷೆ 1962ರ ಜಕಾರ್ತ. ರಹೀಂ ಅವರ ದೇಹವನ್ನು ಆಗಲೇ ಕ್ಯಾನ್ಸರ್ ತಿನ್ನುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ 2-0ರಿಂದ ಸೋಲಿಸಿತು. ಥಾಯ್ಲೆಂಡ್, ಜಪಾನ್, ದಕ್ಷಿಣ ವಿಯೆಟ್ನಾಂಗಳನ್ನು ದಾಟಿ ಫೈನಲ್‌ಗೆ ಬಂದಾಗ ಎದುರಿಗೆ ಮತ್ತೆ ಕೊರಿಯಾ. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಗಾಯವಾಗಿ ಹೊಲಿಗೆ ಬಿದ್ದಿತ್ತು. ಅವರನ್ನು ಮನೆಗೆ ಕಳಿಸದೆ ರಹೀಂ ಅವರು ಮುಂಚೂಣಿಗೆ ತಂದರು. ಪ್ರೇಕ್ಷಕರೂ ಭಾರತದ ವಿರುದ್ಧ ಇದ್ದರು. ಸೆಪ್ಟೆಂಬರ್ 4ರಂದು ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದರು. ಭಾರತ 2-1ರಿಂದ ಗೆದ್ದಿತು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಆ ನಂತರ ಇಂದಿನವರೆಗೂ ನಮ್ಮ ದೇಶಕ್ಕೆ ಬಂದಿಲ್ಲ.

ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು, 53ರ ವಯಸ್ಸಿನಲ್ಲಿ ರಹೀಂ ಸಾಹೇಬರು ತೀರಿಕೊಂಡರು. 2024ರಲ್ಲಿ ಹಿಂದಿ ಚಲನಚಿತ್ರವೊಂದು ಬಂದ ಮೇಲಷ್ಟೇ ಅನೇಕ ಯುವಕರಿಗೆ ಅವರ ಹೆಸರು ತಿಳಿಯಿತು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮೂರಿನ ತಂಡ ಚಿಕ್ಕದಿರಬಹುದು, ಬಯಲು ಕಲ್ಲುಮುಳ್ಳಿನದಿರಬಹುದು. ಪುಸ್ತಕವನ್ನು ಬಿಡದೆ, ಚೆಂಡನ್ನು ಒಬ್ಬರೇ ಇಟ್ಟುಕೊಳ್ಳದೆ ಆಡಿರಿ. ಊರಿನ ಉಪಾಧ್ಯಾಯರೂ ಹಿರಿಯರೂ ಸಂಜೆ ಒಂದು ಗಂಟೆ ಬಯಲಿನ ಅಂಚಿಗೆ ಬಂದು ನಿಲ್ಲಲಿ. ರಹೀಂ ಮೇಷ್ಟ್ರು ಆರಂಭಿಸಿದ್ದೂ ಅಲ್ಲಿಂದಲೇ.