ಸರ್ ಮಿರ್ಜಾ ಇಸ್ಮಾಯಿಲ್ ಮತ್ತು ಲೋಹ ಬೆಸೆಯುವ ವಿದ್ಯೆ



ಕಬ್ಬಿನ ಕಟಾವಿನ ಕಾಲದಲ್ಲಿ ಮಂಡ್ಯದ ರಸ್ತೆಯಲ್ಲಿ ಸಾಲುಗಟ್ಟಿ ಬರುವ ಎತ್ತಿನ ಗಾಡಿಗಳನ್ನು ತಾವು ನೋಡಿರುತ್ತೀರಿ. ಹಳೆಯ ಮರದ ಚಕ್ರದ ಸುತ್ತ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಅದನ್ನು ಅಂಟಿನಿಂದ ಅಂಟಿಸುವುದಿಲ್ಲ. ಕಮ್ಮಾರನು ಪಟ್ಟಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ, ಮೇಲೆ ನೀರು ಸುರಿಯುತ್ತಾನೆ. ಪಟ್ಟಿ ತಣ್ಣಗಾಗಿ ಕುಗ್ಗುತ್ತದೆ, ಮರವನ್ನು ಬಿಗಿಯಾಗಿ ಹಿಡಿಯುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಸ್ತುಗಳು ಹೀಗೆ ಒಂದಾಗಿ ಟನ್ನುಗಟ್ಟಲೆ ಭಾರ ಹೊರುತ್ತವೆ. ಬೇರೆ ಬೇರೆ ಗುಣದ ವಸ್ತುಗಳನ್ನು ಸೇರಿಸಿ ವಾಹನ ಕಟ್ಟುವ ವಿದ್ಯೆ ನಮ್ಮ ಊರಿಗೆ ಹೊಸದಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಈಗಿನ ಕಾಲದ ವಾಹನಗಳಲ್ಲಿ ಮರದ ಜಾಗಕ್ಕೆ ಅಲ್ಯೂಮಿನಿಯಂ ಬಂದಿದೆ. ಹಗುರವಾದ ಅಲ್ಯೂಮಿನಿಯಂ ಮತ್ತು ಗಟ್ಟಿಯಾದ ಉಕ್ಕನ್ನು ಒಂದೇ ಒಡಲಿನಲ್ಲಿ ಸೇರಿಸುವುದು ಇಂದಿನ ವಾಹನ ತಯಾರಿಕೆಯ ಕಷ್ಟದ ಕೆಲಸಗಳಲ್ಲಿ ಒಂದು. ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಮ್ಮ ನಾಡಿಗೆ ಬಂದದ್ದು ಒಬ್ಬ ದಿವಾನರ ಆಡಳಿತದ ಕೊನೆಯ ತಿಂಗಳುಗಳಲ್ಲಿ. ಅವರೇ ಸರ್ ಮಿರ್ಜಾ ಇಸ್ಮಾಯಿಲ್. ಅವರ ಹೆಸರನ್ನು ಕೇಳಿದ ಕೂಡಲೇ ನಮಗೆ ಬೃಂದಾವನ ಉದ್ಯಾನ ನೆನಪಾಗುತ್ತದೆ. ಆದರೆ ಈ ಲೇಖನದಲ್ಲಿ ತಮ್ಮನ್ನು ಹೂದೋಟದಿಂದ ಸ್ವಲ್ಪ ದೂರ, ಕಾರ್ಖಾನೆಯ ಕಡೆಗೆ ಕರೆದೊಯ್ಯಬೇಕೆಂದಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮಿರ್ಜಾ ಇಸ್ಮಾಯಿಲ್ ಅವರು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರ ಅಜ್ಜ ಅಲಿ ಅಸ್ಕರ್ ಅವರು ಇರಾನಿನ ಶಿರಾಜ್ ಪಟ್ಟಣದಿಂದ ಕುದುರೆ ವ್ಯಾಪಾರಕ್ಕಾಗಿ ಬಂದು ಬೆಂಗಳೂರಿನಲ್ಲೇ ನೆಲೆಸಿದವರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ತಂದೆ ಆಗಾ ಜಾನ್ ಅವರು ಮೈಸೂರು ಅರಮನೆಯ ಸೇವೆಯಲ್ಲಿದ್ದರು. ಹೀಗಾಗಿ ಬಾಲಕ ಮಿರ್ಜಾ ಅವರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಕಲಿಯುವ ಭಾಗ್ಯ ದೊರೆಯಿತು. ಅಲ್ಲಿ ಹುಟ್ಟಿದ ಸ್ನೇಹ ಮಹಾರಾಜರ ಕೊನೆಯುಸಿರಿನವರೆಗೂ ಉಳಿಯಿತು.

ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿ ಪಡೆದು 1905ರಲ್ಲಿ ಪೊಲೀಸ್ ಇಲಾಖೆಯಲ್ಲಿ ಸೇವೆ ಆರಂಭಿಸಿದರು. ಮುಂದೆ ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿ, 1922ರಲ್ಲಿ ಖಾಸಗಿ ಕಾರ್ಯದರ್ಶಿಯಾಗಿ, 1926ರಲ್ಲಿ ಮೈಸೂರಿನ ದಿವಾನರಾಗಿ ನೇಮಕಗೊಂಡರು. 1930ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಹದಿನೈದು ವರ್ಷಗಳ ಕಾಲ ಅವರು ಆ ಹುದ್ದೆಯಲ್ಲಿದ್ದರು. ಗಮನಿಸಿ, ಅವರು ಎಂಜಿನಿಯರ್ ಅಲ್ಲ, ಲೋಹಶಾಸ್ತ್ರ ಓದಿದವರೂ ಅಲ್ಲ. ಬಲ್ಲವರನ್ನು ಹುಡುಕಿ, ಅವರಿಗೆ ನೆಲ, ನೀರು, ವಿದ್ಯುತ್ತು ಮತ್ತು ಬಂಡವಾಳ ಒದಗಿಸುವುದೇ ಅವರ ವಿದ್ಯೆಯಾಗಿತ್ತು.

ಮಂಡ್ಯ, ಮಳವಳ್ಳಿ ಮತ್ತು ಮದ್ದೂರು

ನಮ್ಮ ಮಂಡ್ಯ ಇಂದಿನ ರೂಪಕ್ಕೆ ಬಂದದ್ದು ಅವರ ಕಾಲದಲ್ಲಿ. ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಬರಡು ಭೂಮಿಗೆ ನೀರು ತಂದಿತು. ಆ ನೀರಿನಲ್ಲಿ ಬೆಳೆದ ಕಬ್ಬಿಗಾಗಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಇದರ ಹಿಂದೆ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪರಿಶ್ರಮವೂ ಇತ್ತು. 1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಇನ್ನು ಮಳವಳ್ಳಿ ತಾಲ್ಲೂಕು. ಅಲ್ಲಿನ ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ಉತ್ಪಾದನೆ ಆರಂಭವಾಗಿತ್ತು. ಮಿರ್ಜಾ ಅವರ ಕಾಲದಲ್ಲಿ, 1940ರಲ್ಲಿ, ಶಿಂಷಾ ವಿದ್ಯುದಾಗಾರವೂ ಸೇರಿಕೊಂಡಿತು. ವಿದ್ಯುತ್ತಿಲ್ಲದೆ ಲೋಹದ ಕೆಲಸವಿಲ್ಲ. ಲೇತ್ ತಿರುಗಬೇಕಾದರೂ, ಬೆಸುಗೆಯ ಕಿಡಿ ಹಾರಬೇಕಾದರೂ ವಿದ್ಯುತ್ತೇ ಬೇಕು. ಬೆಂಗಳೂರಿನ ಕಾರ್ಖಾನೆಗಳ ಯಂತ್ರಗಳು ತಿರುಗಿದ್ದು ಮಳವಳ್ಳಿಯ ನೀರಿನ ಬಲದಿಂದ ಎಂಬುದನ್ನು ನಾವು ಮರೆಯಬಾರದು.

ಮದ್ದೂರಿನ ನೆನಪು ಮಾತ್ರ ಅಷ್ಟು ಸಿಹಿಯಾದುದಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧಾಜ್ಞೆಯನ್ನು ಮುರಿದು ಧ್ವಜ ಸತ್ಯಾಗ್ರಹ ನಡೆಸಿದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿ ಅಮಾಯಕರು ಪ್ರಾಣ ಕಳೆದುಕೊಂಡರು. ಆಗ ದಿವಾನರಾಗಿದ್ದವರು ಮಿರ್ಜಾ ಅವರೇ. ಒಬ್ಬ ದೊಡ್ಡ ಮನುಷ್ಯನ ಜೀವನವನ್ನು ಬರೆಯುವಾಗ ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಅನಂತರ ಸರ್ದಾರ್ ಪಟೇಲರೊಂದಿಗೆ ಮಾತುಕತೆ ನಡೆದು ಒಪ್ಪಂದವಾಯಿತು. ಮೈಸೂರಿನ ಧ್ವಜ ಮತ್ತು ಕಾಂಗ್ರೆಸ್ಸಿನ ಧ್ವಜ ಎರಡನ್ನೂ ಜೊತೆಯಾಗಿ ಹಾರಿಸಲು ಅವಕಾಶ ದೊರೆಯಿತು. ಶಿವಪುರದ ಸತ್ಯಾಗ್ರಹ ಸೌಧವನ್ನು ನೋಡದ ವಿದ್ಯಾರ್ಥಿಗಳು ಒಮ್ಮೆ ಹೋಗಿ ನೋಡಬೇಕು.

ಕೈತಪ್ಪಿದ ಮೋಟಾರು ಕಾರ್ಖಾನೆ

ಭಾರತದಲ್ಲೇ ಕಾರು ತಯಾರಾಗಬೇಕೆಂಬುದು ಸರ್ ಎಂ. ವಿಶ್ವೇಶ್ವರಯ್ಯನವರ ಕನಸು. ಅವರು 1935ರಲ್ಲಿ ಯೂರೋಪು ಮತ್ತು ಅಮೆರಿಕದ ಕಾರ್ಖಾನೆಗಳನ್ನು ಸುತ್ತಿ ನೋಡಿ ಒಂದು ಯೋಜನೆ ತಯಾರಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಅದನ್ನು ಕೈಗೆತ್ತಿಕೊಂಡರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯಲು ಮಿರ್ಜಾ ಅವರ ಸರ್ಕಾರ ನೆರವು ನೀಡಲು ಸಿದ್ಧವಾಗಿತ್ತು. ಆದರೆ ಬ್ರಿಟಿಷ್ ಸರ್ಕಾರ ಇದಕ್ಕೆ ಒಪ್ಪಿಗೆ ಕೊಡಲಿಲ್ಲ. ಕೊನೆಗೆ ವಾಲ್‌ಚಂದ್ ಅವರು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಮುಂಬಯಿಯಲ್ಲಿ ಸ್ಥಾಪಿಸಿದರು. ಮೈಸೂರಿಗೆ ಬರಬೇಕಾಗಿದ್ದ ಕಾರ್ಖಾನೆ ಹೀಗೆ ಕೈತಪ್ಪಿತು.

ನಿರಾಶರಾಗಿ ಕುಳಿತುಕೊಳ್ಳುವ ಸ್ವಭಾವ ಈ ಇಬ್ಬರದೂ ಅಲ್ಲ. ಎರಡನೆಯ ಮಹಾಯುದ್ಧದ ಸಮಯದಲ್ಲಿ ವಾಲ್‌ಚಂದ್ ಅವರು ವಿಮಾನ ಕಾರ್ಖಾನೆಯ ವಿಚಾರವನ್ನು ಮುಂದಿಟ್ಟಾಗ ಮಿರ್ಜಾ ಅವರು ತಡಮಾಡದೆ ಕೈ ಜೋಡಿಸಿದರು. ಮೈಸೂರು ಸರ್ಕಾರ ಜಮೀನನ್ನೂ ಬಂಡವಾಳವನ್ನೂ ಕೊಟ್ಟಿತು. ಅಮೆರಿಕದ ವಿಲಿಯಂ ಪಾಲಿ ಅವರ ತಾಂತ್ರಿಕ ನೆರವು ದೊರೆಯಿತು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. ಇಂದು ನಾವು ಎಚ್.ಎ.ಎಲ್. ಎಂದು ಕರೆಯುವ ಸಂಸ್ಥೆಯ ಮೂಲ ಇದೇ.

ಎರಡು ಲೋಹಗಳ ಜಗಳ

ಇಲ್ಲಿ ಸ್ವಲ್ಪ ನಿಂತು ವಿಜ್ಞಾನದ ವಿಷಯ ತಿಳಿಯೋಣ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಮೂರನೆಯ ಒಂದು ಭಾಗದಷ್ಟೇ ತೂಗುತ್ತದೆ. ಆದ್ದರಿಂದ ವಿಮಾನದ ಒಡಲಿಗೆ ಅದು ಬೇಕು. ಆದರೆ ಎಂಜಿನ್ ಹೊರುವ ಚೌಕಟ್ಟು, ಬೋಲ್ಟುಗಳಂಥ ಹೆಚ್ಚು ಒತ್ತಡದ ಜಾಗಗಳಿಗೆ ಉಕ್ಕು ಬೇಕು. ಎರಡನ್ನೂ ಬಳಸಿದ ಮೇಲೆ ಎರಡನ್ನೂ ಜೋಡಿಸಲೇಬೇಕು.

ತೊಂದರೆ ಶುರುವಾಗುವುದು ಇಲ್ಲಿಯೇ. ಮೊದಲನೆಯದಾಗಿ, ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಕಬ್ಬಿಣಕ್ಕೆ ಸುಮಾರು 1540 ಡಿಗ್ರಿ ಬೇಕು. ಉಕ್ಕು ಮೆದುವಾಗುವ ಹೊತ್ತಿಗೆ ಅಲ್ಯೂಮಿನಿಯಂ ನೀರಾಗಿ ಹರಿದಿರುತ್ತದೆ. ಎರಡನೆಯದಾಗಿ, ಹೇಗೋ ಎರಡನ್ನೂ ಕರಗಿಸಿ ಬೆರೆಸಿದರೆ ನಡುವೆ ಗಾಜಿನಂತೆ ಒಡೆಯುವ ಒಂದು ಪದರ ಹುಟ್ಟುತ್ತದೆ. ಮೂರನೆಯದಾಗಿ, ಬಿಸಿಲಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಆಗ ಜೋಡಣೆಯ ಮೇಲೆ ಎಳೆತ ಬೀಳುತ್ತದೆ. ನಾಲ್ಕನೆಯದು ಕಣ್ಣಿಗೆ ಕಾಣದ ಶತ್ರು. ಎರಡೂ ಲೋಹಗಳು ತಾಗಿರುವ ಕಡೆ ಉಪ್ಪಿನಂಶದ ನೀರು ನಿಂತರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ತಯಾರಾಗುತ್ತದೆ. ಆ ಬ್ಯಾಟರಿ ಅಲ್ಯೂಮಿನಿಯಂ ಅನ್ನು ದಿನದಿನಕ್ಕೂ ತಿನ್ನುತ್ತದೆ. ಹೊರಗಿನಿಂದ ಎಲ್ಲವೂ ಸರಿಯಾಗಿರುವಂತೆ ಕಂಡು ಒಳಗೆ ಸವೆದುಹೋಗಿರುತ್ತದೆ.

ಅಂದಿನ ವಿಮಾನ ಕಾರ್ಖಾನೆಗಳು ಇದಕ್ಕೆ ಕಂಡುಕೊಂಡಿದ್ದ ಉಪಾಯ ಸರಳವಾದದ್ದು. ಕರಗಿಸಬೇಡಿ, ರಿವೆಟ್ ಹೊಡೆಯಿರಿ, ಬೋಲ್ಟ್ ಹಾಕಿ. ಎರಡು ಲೋಹಗಳ ನಡುವೆ ರಕ್ಷಣೆಯ ಬಣ್ಣದ ಪದರ ಇಡಿ, ನೀರು ನುಗ್ಗದಂತೆ ಸಂದು ಮುಚ್ಚಿ. ನಮ್ಮ ಬೀದರಿನ ಕುಶಲಕರ್ಮಿಗಳು ಸತುವಿನ ಮಿಶ್ರಲೋಹದಲ್ಲಿ ಗೆರೆ ಕೊರೆದು ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರಲ್ಲವೇ? ಅಲ್ಲಿಯೂ ಲೋಹ ಕರಗುವುದಿಲ್ಲ, ಒಂದನ್ನೊಂದು ಕಚ್ಚಿ ಹಿಡಿಯುತ್ತದೆ. ತತ್ವ ಒಂದೇ.

ಈ ಕೆಲಸವನ್ನು ನಮ್ಮ ನಾಡಿನ ಹುಡುಗರು ಎಚ್.ಎ.ಎಲ್.ನಲ್ಲಿ ಕಲಿತರು. 1941ರ ಆಗಸ್ಟ್‌ನಲ್ಲಿ ಅಲ್ಲಿ ಜೋಡಿಸಿದ ಮೊದಲ ವಿಮಾನ, ಹಾರ್ಲೋ ತರಬೇತಿ ವಿಮಾನ, ಹಾರಿತು. ಆದರೆ ಆ ದಿನ ಮಿರ್ಜಾ ಅವರು ದಿವಾನರಾಗಿರಲಿಲ್ಲ. 1940ರ ಆಗಸ್ಟ್‌ನಲ್ಲಿ ಕೃಷ್ಣರಾಜ ಒಡೆಯರು ತೀರಿಕೊಂಡಿದ್ದರು. ಹೊಸ ಮಹಾರಾಜರೊಂದಿಗೆ ಅಭಿಪ್ರಾಯಭೇದ ಉಂಟಾಗಿ 1941ರಲ್ಲಿ ಮಿರ್ಜಾ ಅವರು ರಾಜೀನಾಮೆ ಕೊಟ್ಟಿದ್ದರು. ನೆಟ್ಟವರೊಬ್ಬರು, ಫಲ ಕಂಡವರು ಇನ್ನೊಬ್ಬರು.

ವಿಮಾನದಿಂದ ಬಸ್ಸಿಗೆ, ಬಸ್ಸಿನಿಂದ ಕಾರಿಗೆ

ಯುದ್ಧ ಮುಗಿದ ಮೇಲೆ ವಿಮಾನದ ಕೆಲಸ ಕಡಿಮೆಯಾಯಿತು. ಆಗ ಎಚ್.ಎ.ಎಲ್. ತನ್ನ ಕಾರ್ಮಿಕರ ಹುನರನ್ನು ವ್ಯರ್ಥ ಮಾಡಲಿಲ್ಲ. ಪೂರ್ಣ ಲೋಹದ ರೈಲು ಬೋಗಿಗಳನ್ನೂ ಬಸ್ಸಿನ ಒಡಲುಗಳನ್ನೂ ತಯಾರಿಸತೊಡಗಿತು. 1951ರಲ್ಲಿ ಡಾ. ವಿ.ಎಂ. ಘಾಟಗೆಯವರು ವಿನ್ಯಾಸಗೊಳಿಸಿದ ಎಚ್.ಟಿ.-2 ವಿಮಾನ ಹಾರಿತು. ರೈಲು ಬೋಗಿಯ ವಿಭಾಗವು 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಸಂಸ್ಥೆಗೆ ಸೇರಿತು. ಬೆಂಗಳೂರಿನ ಮೆಟ್ರೋ ರೈಲಿನ ಹಲವು ಬೋಗಿಗಳನ್ನು ಪೂರೈಸಿದ್ದು ಇದೇ ಬಿ.ಇ.ಎಂ.ಎಲ್.

ಹಗುರ ಒಡಲಿನ ಆಸೆ ಕಾರುಗಳಿಗೂ ಹಬ್ಬಿತು. ತೂಕ ಕಡಿಮೆಯಾದರೆ ಪೆಟ್ರೋಲ್ ಉಳಿಯುತ್ತದೆ, ಬ್ಯಾಟರಿ ಕಾರು ಹೆಚ್ಚು ದೂರ ಓಡುತ್ತದೆ. 1994ರಲ್ಲಿ ಜರ್ಮನಿಯ ಆಡಿ ಸಂಸ್ಥೆ ಅಲ್ಯೂಮಿನಿಯಂ ಒಡಲಿನ ಕಾರನ್ನು ಮಾರುಕಟ್ಟೆಗೆ ತಂದಿತು. ಮೊದಲೇ ರಂಧ್ರ ಕೊರೆಯದೆ ತಾನೇ ಲೋಹದೊಳಗೆ ತೂರಿ, ಒಳಗೆ ಹೂವಿನಂತೆ ಅರಳಿ ಹಿಡಿಯುವ ರಿವೆಟ್‌ಗಳು ಬಳಕೆಗೆ ಬಂದವು. ಅದರೊಂದಿಗೆ ಬಲವಾದ ಅಂಟನ್ನೂ ಹಚ್ಚುತ್ತಾರೆ. ಅಂಟು ಹಿಡಿಯುವುದಲ್ಲದೆ ಎರಡು ಲೋಹಗಳು ನೇರವಾಗಿ ತಾಗದಂತೆಯೂ ನೋಡಿಕೊಳ್ಳುತ್ತದೆ. 1991ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದ ಇನ್ನೊಂದು ವಿಧಾನದಲ್ಲಿ, ತಿರುಗುವ ಒಂದು ಸಲಾಕೆಯ ಘರ್ಷಣೆಯಿಂದಲೇ ಲೋಹವನ್ನು ಕರಗಿಸದೆ, ಹಿಟ್ಟು ನಾದಿದಂತೆ ಮೆತ್ತಗೆ ಮಾಡಿ ಬೆಸೆಯುತ್ತಾರೆ. ಜಪಾನಿನ ಹೋಂಡಾ ಸಂಸ್ಥೆ 2012ರಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂ ಸೇರಿಸಲು ಇದನ್ನು ಬಳಸಿತು. ಎಂಬತ್ತು ವರ್ಷ ಕಳೆದರೂ ಪಾಠ ಬದಲಾಗಿಲ್ಲ. ಬಲಾತ್ಕಾರವಾಗಿ ಕರಗಿಸಿ ಒಂದು ಮಾಡಲು ಹೋದರೆ ಒಡೆಯುತ್ತದೆ. ಎರಡರ ಗುಣವನ್ನೂ ಅರಿತು, ನಡುವೆ ಕಾಪು ಇಟ್ಟು ಸೇರಿಸಿದರೆ ಬಾಳುತ್ತದೆ.

ಕೊನೆಯ ದಿನಗಳು

ಮೈಸೂರು ಬಿಟ್ಟ ಮಿರ್ಜಾ ಅವರು 1942ರಿಂದ 1946ರವರೆಗೆ ಜೈಪುರದ ಪ್ರಧಾನಮಂತ್ರಿಯಾಗಿದ್ದರು. ಆ ನಗರದ ಮುಖ್ಯ ರಸ್ತೆಗೆ ಇಂದಿಗೂ ಅವರ ಹೆಸರಿದೆ. ಅನಂತರ ಹೈದರಾಬಾದಿನಲ್ಲಿ ಅಲ್ಪಕಾಲ ಕೆಲಸ ಮಾಡಿ 1947ರಲ್ಲಿ ಹೊರಬಂದರು. ದೇಶ ವಿಭಜನೆಯನ್ನು ಅವರು ಒಪ್ಪಲಿಲ್ಲ. 1954ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. 1959ರ ಜನವರಿ 5ರಂದು ಹುಟ್ಟೂರಾದ ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಮಾತು

ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಮಂಡ್ಯ, ಮದ್ದೂರು, ಮಳವಳ್ಳಿಯ ಗ್ಯಾರೇಜುಗಳಲ್ಲಿ, ವೆಲ್ಡಿಂಗ್ ಅಂಗಡಿಗಳಲ್ಲಿ, ಟಿಂಕರಿಂಗ್ ಕೆಲಸದಲ್ಲಿ ಇದ್ದಾರೆ. ಶಾಲೆ ಬಿಟ್ಟವನು ಎಂದು ಅವರನ್ನು ನಾವು ಕೀಳಾಗಿ ನೋಡುವುದುಂಟು. ಅವರ ಕೈಯಲ್ಲಿರುವುದು ಸಣ್ಣ ವಿದ್ಯೆಯಲ್ಲ. ಕೊರತೆ ಇರುವುದು ಆ ಕೈಗೆ ಪುಸ್ತಕದ ಜೊತೆ ಸಿಗದಿರುವುದರಲ್ಲಿ. ಯಾವ ಲೋಹ ಯಾವುದರೊಂದಿಗೆ ಏಕೆ ಕೂಡುವುದಿಲ್ಲ ಎಂದು ತಿಳಿದ ಕಾರೀಗರನಿಗೂ ಅದು ತಿಳಿಯದ ಕಾರೀಗರನಿಗೂ ಸಂಬಳದಲ್ಲಿ, ಗೌರವದಲ್ಲಿ ಬಹಳ ಅಂತರವಿದೆ. ಬಿಡದಿಯ ಕಾರು ಕಾರ್ಖಾನೆ ನಮ್ಮ ಮೈಸೂರು ರಸ್ತೆಯಲ್ಲೇ ಇದೆ. ಮದ್ದೂರಿನಲ್ಲಿ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರವಿದೆ. 1962ರಲ್ಲಿ ಆರಂಭವಾದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಮಂಡ್ಯದಲ್ಲೇ ಇದೆ. ಐ.ಟಿ.ಐ., ಡಿಪ್ಲೊಮಾ ಎಂದರೆ ಮುಖ ಸಿಂಡರಿಸಬೇಡಿ.

ಪೋಷಕರೇ, ಮಗ ಅಥವಾ ಮಗಳು ಸ್ಪ್ಯಾನರ್ ಹಿಡಿಯುತ್ತೇನೆ ಎಂದರೆ ಪುಸ್ತಕವನ್ನು ಕಿತ್ತುಕೊಳ್ಳಬೇಡಿ. ಪುಸ್ತಕ ಹಿಡಿಯುತ್ತೇನೆ ಎಂದರೆ ಸ್ಪ್ಯಾನರನ್ನು ಕಿತ್ತುಕೊಳ್ಳಬೇಡಿ. ಎರಡನ್ನೂ ಸೇರಿಸಿ ಕೊಡಿ. ಮೋಟಾರು ಕಾರ್ಖಾನೆ ಒಮ್ಮೆ ನಮ್ಮ ನಾಡಿನ ಕೈತಪ್ಪಿದ್ದು ಪರರ ಆಜ್ಞೆಯಿಂದ. ಇಂದು ನಮ್ಮ ಮಕ್ಕಳ ಕೈಯಿಂದ ಈ ವಿದ್ಯೆ ತಪ್ಪಿಹೋದರೆ ಅದಕ್ಕೆ ನಾವೇ ಹೊಣೆ.