ಕಾದ ಹರಳು, ಕಾಯದ ವಜ್ರ: ಬೆಂಗಳೂರಿನಲ್ಲಿ ರಾಮನ್ನರು

ಚಂದ್ರಶೇಖರ ವೆಂಕಟರಾಮನ್ನರು ತಾತಾ ವಿಜ್ಞಾನಮಂದಿರದ ನಿರ್ದೇಶಕರಾಗಿ ಬೆಂಗಳೂರಿಗೆ ಬಂದದ್ದು 1933ರಲ್ಲಿ. 1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಜನಿಸಿದ ಅವರಿಗೆ ನೊಬೆಲ್ ಪಾರಿತೋಷಕ ಬಂದು ಆಗಲೇ ಮೂರು ವರ್ಷವಾಗಿತ್ತು. ವಿಶ್ರಾಂತಿ ಅವರ ಸ್ವಭಾವಕ್ಕೆ ಒಗ್ಗದ ವಸ್ತು. ಆಡಳಿತದ ಜಗಳದಲ್ಲಿ 1937ರಲ್ಲಿ ನಿರ್ದೇಶಕ ಪದವಿ ಹೋಯಿತು. ಪ್ರಾಧ್ಯಾಪಕ ಪೀಠ 1948ರವರೆಗೆ ಉಳಿಯಿತು. ಹೋದದ್ದಕ್ಕಿಂತ ಉಳಿದದ್ದೇ ದೊಡ್ಡದೆಂದು ನನ್ನ ಎಣಿಕೆ.

ಬೆಣಚುಕಲ್ಲನ್ನು ನಮ್ಮ ಹಾಸನ ಸೀಮೆಯಲ್ಲಿ ಯಾರು ತಾನೆ ಕಂಡಿಲ್ಲ? ಅದರ ಶುದ್ಧ ಸ್ಫಟಿಕವನ್ನು ಸುಮಾರು 573 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಅದು ಕರಗದು. ಆದರೆ ಒಳಗಿನ ಪರಮಾಣುಗಳ ಏರ್ಪಾಟು ಬದಲಾಗಿ, ಮೂರುಮಡಿಯ ಸಮತೆ ಆರುಮಡಿಯದಾಗುತ್ತದೆ. ಈ ಎರಡು ರೂಪಗಳನ್ನೂ ಕ್ಷ-ಕಿರಣಗಳು ಮೊದಲೇ ತೋರಿಸಿಕೊಟ್ಟಿದ್ದವು. ಒಂದರಿಂದ ಇನ್ನೊಂದಕ್ಕೆ ದಾಟುವ ಬಗೆ ಮಾತ್ರ ಗುಟ್ಟಾಗಿತ್ತು. 1940ರಲ್ಲಿ ರಾಮನ್ನರೂ ಅವರ ಶಿಷ್ಯ ನೆಡುಂಗಾಡಿಯವರೂ ಹರಳನ್ನು ಕಾಯಿಸುತ್ತ, ಅದರಿಂದ ಚದರಿದ ಬೆಳಕಿನ ರೋಹಿತವನ್ನು ಪರೀಕ್ಷಿಸಿದರು. ಉಷ್ಣತೆ ಏರಿದಂತೆಲ್ಲ ಒಂದು ರೇಖೆ ತನ್ನ ಸ್ಥಾನ ಬಿಟ್ಟು ಸರಿಯುತ್ತ, ಅಗಲವಾಗುತ್ತ, ಮಂಕಾಗುತ್ತ ಬಂದಿತು. ಪರಮಾಣುಗಳ ಒಂದು ಕಂಪನ ಬಲಗುಂದುತ್ತಿದೆ, ಹರಳು ಮಗ್ಗುಲು ಬದಲಿಸುವುದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಅವರು ಕಂಡುಕೊಂಡರು. ಇಪ್ಪತ್ತು ವರ್ಷಗಳ ಅನಂತರ ಕಾಕ್ರನ್, ಆಂಡರ್ಸನ್ ಮೊದಲಾದವರು ಇದೇ ವಿಚಾರವನ್ನು ಸಿದ್ಧಾಂತವಾಗಿ ಬೆಳೆಸಿದರು.

ವಜ್ರದ ಕಥೆ ಬೇರೆ. ಅದೇ ವರ್ಷ ನೀಲಕಂಠನ್ನರೊಡನೆ ತೆಗೆದ ಕ್ಷ-ಕಿರಣ ಚಿತ್ರಗಳಲ್ಲಿ, ಇರಬೇಕಾದ ಚುಕ್ಕೆಗಳ ಜೊತೆಗೆ ಇರಬಾರದ ಗುರುತುಗಳು ಕಂಡವು. ಕ್ಷ-ಕಿರಣವೇ ಹರಳನ್ನು ಮಿಡಿಸುತ್ತದೆ, ಇದೊಂದು ಹೊಸ ಬಗೆಯ ಪ್ರತಿಫಲನ ಎಂದರು ರಾಮನ್ನರು. ಶಾಖದಿಂದ ಪರಮಾಣುಗಳು ನಡುಗುವುದೇ ಸಾಕು ಎಂದರು ಲಂಡನ್ನಿನ ಕ್ಯಾಥ್ಲೀನ್ ಲಾನ್ಸ್‌ಡೇಲರೂ ಮ್ಯಾಕ್ಸ್ ಬಾರ್ನರೂ. ಈ ಬಾರ್ನರನ್ನು 1935ರಲ್ಲಿ ಬೆಂಗಳೂರಿಗೆ ಕರೆಸಿ, ಇಲ್ಲಿಯೇ ನಿಲ್ಲಿಸಿಕೊಳ್ಳಲು ಹೆಣಗಿದವರು ರಾಮನ್ನರೇ! ತೀರ್ಪು ಹೇಳಬೇಕಾದದ್ದು ಉಷ್ಣತೆ: ಶಾಖವೇ ಕಾರಣವಾದರೆ ಗುರುತು ಬಿಸಿಗೆ ಬಲಿಯಬೇಕು, ತಂಪಿಗೆ ಮಾಸಬೇಕು. ಇತರ ಹರಳುಗಳಲ್ಲಿ ಹಾಗೆಯೇ ಆಯಿತು. ವಜ್ರದ ಕೆಲವು ಗೆರೆಗಳು ಮಾತ್ರ ಬಿಸಿಗೂ ತಂಪಿಗೂ ಜಗ್ಗಲಿಲ್ಲ. ಅವು ಕೆಲವು ವಜ್ರಗಳೊಳಗಿನ ಹಾಳೆಯಂಥ ದೋಷಗಳ ಫಲವೆಂದು ಆಮೇಲೆ ತಿಳಿಯಿತು. ಕಂಡದ್ದು ಸುಳ್ಳಲ್ಲ, ಅರ್ಥ ಮಾಡಿದ ಬಗೆ ನಿಲ್ಲಲಿಲ್ಲ. ಬಾರ್ನರ ಗಣಿತ ಗೆದ್ದಿತು, ರಾಮನ್ನರು ಒಪ್ಪಲಿಲ್ಲ.

ಮುಂದೆ ತಮ್ಮದೇ ಸಂಶೋಧನಾಲಯ ಕಟ್ಟಿ, ವಜ್ರಗಳನ್ನು ಕೂಡಿಡುತ್ತ, ಹೂವಿನ ಬಣ್ಣಗಳನ್ನು ಅಭ್ಯಸಿಸುತ್ತ ಇದ್ದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅಲ್ಲಿನ ತೋಟದಲ್ಲಿಯೇ ದಹನ ನಡೆಯಿತು. ಆ ಸ್ಥಳದಲ್ಲಿ ಒಂದು ಮರವನ್ನು ನೆಟ್ಟರು.