ಬಾಯ್ಕಾಟ್ ಅನ್ನೋ ಮನುಷ್ಯ

ಕ್ಲಾಸ್ ಬಾಯ್ಕಾಟ್, ಮೆಸ್ ಬಾಯ್ಕಾಟ್ ಅಂತೀವಲ್ಲ, ಬಾಯ್ಕಾಟ್ ಒಬ್ಬ ಮನುಷ್ಯನ ಹೆಸರು ಅಂತ ನಮಗೂ ಗೊತ್ತಿರಲಿಲ್ಲ.

ಚಾರ್ಲ್ಸ್ ಬಾಯ್ಕಾಟ್ ಹುಟ್ಟಿದ್ದು 1832ರಲ್ಲಿ, ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ. ಸ್ವಲ್ಪ ಕಾಲ ಸೈನ್ಯದಲ್ಲಿದ್ದ. ಆಮೇಲೆ ಐರ್ಲೆಂಡಿನ ಮೇಯೋದಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟ್ ಆದ. ಗೇಣಿ ವಸೂಲಿ ಅವನ ಕೆಲಸ.

1880ರಲ್ಲಿ ಕಷ್ಟದಲ್ಲಿದ್ದ ರೈತರು ಗೇಣಿಯಲ್ಲಿ ಶೇ. 25 ಕಡಿಮೆ ಮಾಡಿ ಅಂದ್ರು. ಜಮೀನ್ದಾರ ಒಪ್ಪಲಿಲ್ಲ. ಬಾಯ್ಕಾಟ್ ಅವರನ್ನು ಒಕ್ಕಲೆಬ್ಬಿಸೋಕೆ ಹೊರಟ. ಊರಿಗೆ ಊರೇ ಅವನನ್ನು ದೂರ ಇಟ್ಟಿತು. ಆಳುಗಳು ಕೆಲಸ ಬಿಟ್ರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆಳೆ ಕೊಯ್ಯಲು ಹೊರಗಿನಿಂದ 50 ಜನ ಬಂದರೆ, ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು, ಪೊಲೀಸರು! ಡಿಸೆಂಬರ್‌ನಲ್ಲಿ ಅವನು ಐರ್ಲೆಂಡ್ ಬಿಟ್ಟ.

ಅಷ್ಟರಲ್ಲಿ ಅವನ ಹೆಸರು ನಾಮಪದವೂ ಆಗಿತ್ತು, ಕ್ರಿಯಾಪದವೂ ಆಗಿತ್ತು. ಇಂಗ್ಲಿಷಿನಲ್ಲಿ ಒಂದೇ ಪದ ಎರಡೂ ಕೆಲಸ ಮಾಡುತ್ತೆ. ಕನ್ನಡದಲ್ಲಿ ನಾವು ಪಕ್ಕಕ್ಕೆ ಒಂದು 'ಮಾಡು' ಹಾಕ್ತೀವಿ. ಮಜಾ ಏನಂದ್ರೆ, ಬಾಯ್ಕಾಟ್ ಅದನ್ನು ಮಾಡಿದವನಲ್ಲ, ಮಾಡಿಸಿಕೊಂಡವನು. 1897ರಲ್ಲಿ ಅವನು ಸತ್ತ, ಪದ ಉಳೀತು.

ಕೈಯಲ್ಲಿ ಏನೂ ಇಲ್ಲದ ರೈತರು ಬಲವಿದ್ದವನ ಮೇಲೆ ಹೂಡಿದ ಅಸ್ತ್ರ ಅದು. ಬೆಂಚಿನ ಕೊನೆಯಲ್ಲಿ ಒಬ್ಬನೇ ಕೂರೋ ಕ್ಲಾಸ್‌ಮೇಟ್ ಮೇಲೆ ನಾವು ಅದನ್ನೇ ಹೂಡ್ತಾ ಇಲ್ಲ ತಾನೇ?